ಮರುವಾಯಿಯ ತಾಳ್ಮೆ

ಮರುವಾಯಿ ಎಂಬ ಚಿಪ್ಪುಜೀವಿಗಳನ್ನು ತಂದ ದಿನ ರಾತ್ರಿ ನಮ್ಮ ಕಡೆಯ ಅಡುಗೆಮನೆಗಳಲ್ಲಿ ಒಂದು ಸದ್ದು ಇರುತ್ತದೆ. ದೊಡ್ಡ ಪಾತ್ರೆಗೆ ನೀರು ತುಂಬಿ, ಒಂದು ಹಿಡಿ ಕಲ್ಲುಪ್ಪು ಕರಗಿಸಿ, ಮರುವಾಯಿಗಳನ್ನು ಅದರಲ್ಲಿ ಮುಳುಗಿಸಿಟ್ಟು ದೀಪ ಆರಿಸಿದರೆ, ಸ್ವಲ್ಪ ಹೊತ್ತಿಗೆ ಅವು ಧೈರ್ಯ ತಂದುಕೊಂಡು ಬಾಯಿ ತೆರೆಯುತ್ತವೆ. ಚಿಪ್ಪಿಗೆ ಚಿಪ್ಪು ತಾಗಿ ಟಿಕ್ ಎನ್ನುತ್ತದೆ. ಮತ್ತೆ ಮೌನ. ಆಮೇಲೆ ನೂಲಿನೆಳೆಯಂಥ ನೀರು ಚಿಮ್ಮಿ ಪಾತ್ರೆಯ ಅಂಚಿಗೆ ಬಡಿಯುತ್ತದೆ. ಚಿಕ್ಕಂದಿನಲ್ಲಿ ಆ ಸದ್ದಿಗೆ ಎಚ್ಚರವಾಗಿ ಕೇಳಿದರೆ ಅಮ್ಮ, “ಮರಳು ಉಗುಳ್ತಾ ಉಂಟು, ನೀನು ಮಲಗು ಮಗಾ” ಎನ್ನುತ್ತಿದ್ದರು. ಬೆಳಿಗ್ಗೆ ಪಾತ್ರೆಯ ತಳದಲ್ಲಿ ತೆಳ್ಳಗೆ ಕಪ್ಪು ಮರಳು ಕುಳಿತಿರುತ್ತಿತ್ತು, ನದಿಯ ತಳವೇ ಒಂದು ಚಿಟಿಕೆಯಷ್ಟು ನಮ್ಮ ಮನೆಗೆ ಬಂದ ಹಾಗೆ.

ಒಂದು ರಾತ್ರಿಯ ಉಪ್ಪುನೀರಿಗೆ ಬಿಟ್ಟುಹೋಗುವುದು ಮರಳು. ಬಿಟ್ಟುಹೋಗದೆ ಒಳಗೇ ಉಳಿಯುವುದು ಏನು? ಆ ಪ್ರಶ್ನೆ ಆಗ ಯಾರಿಗೂ ಹುಟ್ಟಿರಲಿಲ್ಲ. ಹುಟ್ಟಬೇಕಾದ ಕಾರಣವೂ ಇರಲಿಲ್ಲ. ಈಗ ಹುಟ್ಟಿದೆ, ಮತ್ತು ಹುಟ್ಟಿದ ಮೇಲೆ ಅದನ್ನು ಹಾಗೇ ಬಿಟ್ಟು ಮಲಗುವುದು ಕಷ್ಟ.

ಮಂಗಳೂರಿನವರಾದ ನಾವು ಎರಡು ನದಿಗಳ ಕೊನೆಯಲ್ಲಿ ಬಾಳುವವರು. ದಕ್ಷಿಣದಿಂದ ನೇತ್ರಾವತಿ, ಉತ್ತರದಿಂದ ಗುರುಪುರ ಹೊಳೆಯೆಂದೂ ಕರೆಯಲಾಗುವ ಫಲ್ಗುಣಿ. ಎರಡೂ ಬೆಂಗ್ರೆಯ ಮರಳದಂಡೆಯ ಹಿಂದೆ ಒಂದಾಗಿ ಅಳಿವೆ ಬಾಗಿಲಲ್ಲಿ ಕಡಲಿಗೆ ಸೇರುತ್ತವೆ. ಘಟ್ಟದ ಬುಡದಿಂದ ಊರೂರು ದಾಟಿ ಬಂದ ನೀರು ಏನೇನು ಹೊತ್ತು ತಂದಿತೋ ಅದೆಲ್ಲ ಇಲ್ಲಿಗೆ ಬಂದು ವೇಗ ಕಳೆದುಕೊಳ್ಳುತ್ತದೆ, ತಳಕ್ಕೆ ಇಳಿಯುತ್ತದೆ. ಬೈಕಂಪಾಡಿಯ ಕೈಗಾರಿಕಾ ಪ್ರದೇಶದ ತೋಡುಗಳು, ಪೇಟೆಯ ಚರಂಡಿಗಳು, ದಕ್ಕೆಯ ಬೋಟುಗಳ ಡೀಸೆಲ್, ತೋಟಗಳ ಔಷಧಿ, ಎಲ್ಲದರ ಕೊನೆಯ ನಿಲ್ದಾಣ ಇದೇ ಅಳಿವೆ. ಫಲ್ಗುಣಿಯಲ್ಲಿ ಮೀನುಗಳು ಸತ್ತು ಬೆಳ್ಳಗೆ ತೇಲಿದ ಸುದ್ದಿ ನಮಗೆ ಹೊಸದಲ್ಲ. ಮೀನು ತೇಲುತ್ತದೆ, ಆದುದರಿಂದ ಸುದ್ದಿಯಾಗುತ್ತದೆ. ಮರುವಾಯಿ ತೇಲುವುದಿಲ್ಲ. ಅದು ಕೆಸರಿನಲ್ಲಿ, ತನ್ನ ಎರಡು ಚಿಪ್ಪುಗಳ ನಡುವೆ, ಯಾರಿಗೂ ಕಾಣದಂತೆ ಇರುತ್ತದೆ. ಅಪಾಯ ಬಂದರೆ ಓಡಿಹೋಗಲು ಅದಕ್ಕೆ ಕಾಲಿಲ್ಲ, ಈಜಿಹೋಗಲು ರೆಕ್ಕೆಯಿಲ್ಲ. ಅಷ್ಟೇ ಅಲ್ಲ, ಬದುಕಬೇಕಾದರೆ ಅದು ಆ ನೀರನ್ನೇ ಒಳಗೆಳೆದು, ಸೋಸಿ, ಹೊರಗೆ ಬಿಡಬೇಕು. ಇದರಂತೆಯೇ ಚಿಪ್ಪಿರುವ, ಬಂಡೆಗೆ ಅಂಟಿ ಬೆಳೆಯುವ ಒಂದು ಪಚ್ಚಿಲೆ ಗಂಟೆಗೆ ಒಂದೆರಡು ಲೀಟರ್ ನೀರನ್ನು ಹೀಗೆ ತನ್ನ ಮೈಯೊಳಗಿಂದ ಹಾಯಿಸುತ್ತದೆ. ನಾವು ಹೊಳೆಯ ಬದಿಯಲ್ಲಿ ಮೂಗು ಮುಚ್ಚಿಕೊಂಡು ನಡೆದುಹೋಗಬಹುದು. ಅದು ಎಲ್ಲಿಗೆ ಹೋದೀತು?

ಅದಕ್ಕೆ ಉಳಿದಿರುವುದು ತಾಳುವುದೊಂದೇ. ತಾಳಿದವನು ಬಾಳಿಯಾನು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ತಾಳ್ಮೆಗೆ ತಪಸ್ಸಿನ ಸ್ಥಾನ ಕೊಟ್ಟ ನಾಡು ಇದು. ಆ ಮಾತಿನ ಮೇಲೆ ನನಗೆ ಗೌರವವಿದೆ. ಬದುಕಿನ ಅದೆಷ್ಟೋ ಕಷ್ಟಗಳನ್ನು ಅದರ ಕೈಹಿಡಿದೇ ದಾಟಿದ್ದೇವೆ. ಆದರೆ ಈ ಇಳಿವಯಸ್ಸಿನಲ್ಲಿ ಮರುವಾಯಿಯ ಪಾತ್ರೆಯ ಮುಂದೆ ಕೂತಾಗ ಒಂದು ಪ್ರಶ್ನೆ ಏಳುತ್ತದೆ. ತಾಳುವುದು ಎಂದರೆ ಏನು? ತಾಳುವವನು ಯಾವ ಬಂಡವಾಳದಿಂದ ತಾಳುತ್ತಾನೆ? ಆ ಬಂಡವಾಳ ಮುಗಿಯುವುದಿಲ್ಲವೆ?

ಮರುವಾಯಿಯ ತಾಳ್ಮೆಯ ಮೊದಲ ಹೆಜ್ಜೆ ಬಾಯಿ ಮುಚ್ಚಿಕೊಳ್ಳುವುದು. ನೀರು ಕೆಟ್ಟಿತು ಎಂದು ಗೊತ್ತಾದ ಕೂಡಲೇ ಚಿಪ್ಪುಗಳು ಬಿಗಿಯಾಗುತ್ತವೆ. ಇಳಿತದ ವೇಳೆ ಬಿಸಿಲಿಗೆ ಬಿದ್ದಾಗಲೂ, ಮಳೆಗಾಲದಲ್ಲಿ ಅಳಿವೆಯ ಉಪ್ಪೆಲ್ಲ ತೊಳೆದುಹೋಗಿ ಬರೀ ಸಿಹಿನೀರು ನುಗ್ಗಿದಾಗಲೂ ಅದು ಮಾಡುವುದು ಇದನ್ನೇ. ಒಳಗೆ ಉಸಿರು ಕಟ್ಟುತ್ತದೆ, ಆದರೂ ಆಮ್ಲಜನಕವಿಲ್ಲದೆಯೇ ಸ್ವಲ್ಪ ಕಾಲ ಬದುಕಿನ ದೀಪವನ್ನು ಸಣ್ಣಗೆ ಮಾಡಿ ಉರಿಸುವ ವಿದ್ಯೆ ಅದಕ್ಕೆ ಗೊತ್ತು. ಸೋಜಿಗ ಮುಂದೆ ಇದೆ. ಅಪಾಯ ಕಳೆಯಿತೆಂದು ಬಾಯಿ ತೆರೆದ ಕ್ಷಣ, ಪ್ರಾಣವಾಯು ಒಮ್ಮೆಗೇ ಒಳನುಗ್ಗಿದಾಗ, ಆ ಪ್ರಾಣವಾಯುವೇ ಅದರ ಮೈಯನ್ನು ಸುಡತೊಡಗುತ್ತದೆ.

ಉಸಿರು ಸುಡುತ್ತದೆಯೆ? ಸುಡುತ್ತದೆ. ನಮ್ಮದನ್ನೂ ಸುಡುತ್ತಲೇ ಇದೆ. ನಾವು ಎಳೆದುಕೊಂಡ ಆಮ್ಲಜನಕದ ಬಹುಪಾಲು ಅನ್ನವನ್ನು ಶಕ್ತಿಯಾಗಿಸುವ ಕೆಲಸಕ್ಕೆ ಶಾಂತವಾಗಿ ಹೋಗುತ್ತದೆ. ಸ್ವಲ್ಪ ಭಾಗ ಮಾತ್ರ ದಾರಿ ತಪ್ಪಿ, ಉಗ್ರರೂಪ ತಾಳಿ, ಎದುರಿಗೆ ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ಕರಾವಳಿಯವರಿಗೆ ಇದನ್ನು ವಿವರಿಸಲು ಪ್ರಯೋಗಶಾಲೆ ಬೇಡ. ಬೂತಾಯಿಯ ಎಣ್ಣೆಯನ್ನು ಮುಚ್ಚಳ ತೆಗೆದು ಇಟ್ಟರೆ ಏನಾಗುತ್ತದೆ? ಒಣಗಿಸಿದ ಬಂಗುಡೆ ಹಳದಿ ತಿರುಗಿ ಕಮಟು ವಾಸನೆ ಬರುವುದು ಏಕೆ? ಗಾಳಿ ತಾಗಿ ಕೊಬ್ಬು ಕೆಟ್ಟಿತು ಎನ್ನುತ್ತೇವೆ. ಜೀವಕೋಶದ ಪೊರೆಯೂ ಕೊಬ್ಬಿನದೇ. ಬದುಕಿರುವಾಗಲೇ ಒಳಗೊಳಗೆ ಕಮಟಾಗುವುದನ್ನು ವಿಜ್ಞಾನಿಗಳು ಅಳೆಯುತ್ತಾರೆ. ಮರುವಾಯಿಯ ಕಿವಿರಿನಲ್ಲಿ, ಜೀರ್ಣಗ್ರಂಥಿಯಲ್ಲಿ ಅವರು ಹುಡುಕುವ ಗುರುತುಗಳಲ್ಲಿ ಇದು ಮುಖ್ಯವಾದದ್ದು.

ಈ ಸುಡುವಿಕೆಯನ್ನು ತಡೆಯಲು ಪ್ರತಿ ಜೀವಿಯ ಒಳಗೂ ಕಾವಲುಗಾರರಿದ್ದಾರೆ. ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಎಂಬ ಕಿಣ್ವ ಅವರಲ್ಲಿ ಮೊದಲನೆಯದು. ಅದು ಮಾಡುವ ಈ ಕೆಲಸವನ್ನು ಅಮೆರಿಕದ ಮೆಕ್ಕಾರ್ಡ್ ಮತ್ತು ಫ್ರಿಡೊವಿಚ್ ಗುರುತಿಸಿದ್ದು 1969ರಲ್ಲಿ. ನಮ್ಮ ಮಂಗಳೂರಿನ ಮೀನುಗಾರಿಕಾ ಕಾಲೇಜು, ದೇಶದ ಮೊಟ್ಟಮೊದಲ ಮೀನುಗಾರಿಕಾ ಕಾಲೇಜು, ಹುಟ್ಟಿದ್ದೂ ಅದೇ ವರ್ಷ. ಎರಡಕ್ಕೂ ಸಂಬಂಧವಿಲ್ಲ, ಆದರೂ ನೆನಪಿನಲ್ಲಿ ಅವು ಜೋಡಿಯಾಗಿ ನಿಂತಿವೆ. ಆ ಕಿಣ್ವದ ಬೆನ್ನಿಗೆ ಕೆಟಲೇಸ್ ಇದೆ. ಎಲ್ಲಕ್ಕೂ ತಳಹದಿಯಾಗಿ ಗ್ಲುಟಥಯೋನ್ ಎಂಬ ಪುಟ್ಟ ಅಣುವೊಂದಿದೆ, ಮೂರು ಅಮೈನೋ ಆಮ್ಲಗಳು ಕೂಡಿ ಆದದ್ದು. ಉಗ್ರ ಆಮ್ಲಜನಕದ ಬೆಂಕಿಯನ್ನು ತಣಿಸುವ ಕೆಲಸಕ್ಕೆ ಇದೇ ಬೇಕು. ಹೊರಗಿನಿಂದ ಬಂದ ವಿಷಕ್ಕೆ ಅಂಟಿಕೊಂಡು ಅದನ್ನು ಮೈಯಿಂದ ಹೊರಕ್ಕೆ ಸಾಗಿಸುವ ಕೆಲಸಕ್ಕೂ ಇದೇ ಬೇಕು. ಕೆಲಸ ಎರಡು, ಕಣಜ ಒಂದು.

ಇಲ್ಲಿ ನನಗೆ ಹಳೆಯ ತುಳುನಾಡಿನ ಮನೆಯೊಂದು ಕಣ್ಣಮುಂದೆ ಬರುತ್ತದೆ. ಮಳೆಗಾಲಕ್ಕೆಂದು ಬೈಹುಲ್ಲಿನಲ್ಲಿ ಬಿಗಿದು ಕಟ್ಟಿಟ್ಟ ಅಕ್ಕಿಮುಡಿಗಳು ಅಟ್ಟದ ಮೇಲೆ ಸಾಲಾಗಿ ಇರುತ್ತಿದ್ದವು. ಆಟಿ ತಿಂಗಳು ಬಂದರೆ ಗದ್ದೆಯಲ್ಲಿ ಕೆಲಸವಿಲ್ಲ, ಪೇಟೆಗೆ ದಾರಿಯಿಲ್ಲ, ಮುಡಿಯ ಅಕ್ಕಿಯೇ ಗತಿ. ಈಗ ಆಟಿಗೆ ಮುಂಚೆಯೇ ಮನೆಗೆ ನೆಂಟರು ಬಂದರೆನ್ನೋಣ. ಬಂದವರಿಗೆ ಇಲ್ಲವೆನ್ನಲಾಗದು. ಒಂದು ಮುಡಿ ಬಿಚ್ಚಿತು, ಇನ್ನೊಂದು ಬಿಚ್ಚಿತು. ನೆಂಟರು ಹೋದರು, ಮತ್ತೊಂದು ತಂಡ ಬಂತು. ಅಂಗಳದಲ್ಲಿ ನಿಂತು ನೋಡುವವರಿಗೆ ಮನೆ ಎಂದಿನಂತೆಯೇ ಇದೆ. ಮಾಡು ಗಟ್ಟಿಯಾಗಿದೆ, ತುಳಸಿಕಟ್ಟೆಯಲ್ಲಿ ದೀಪ ಉರಿಯುತ್ತಿದೆ, ಒಲೆಯಿಂದ ಹೊಗೆ ಏಳುತ್ತಿದೆ. ಅಟ್ಟ ಖಾಲಿಯಾದದ್ದು ಗೊತ್ತಿರುವುದು ಮನೆಯ ಹೆಂಗಸಿಗೆ ಮಾತ್ರ. ಆಮೇಲೆ ಆಟಿಯ ಒಂದು ಜಡಿಮಳೆಯ ದಿನ ಮಗುವಿಗೆ ಸಣ್ಣ ಜ್ವರ ಬಂದರೆ ಆ ಮನೆ ತತ್ತರಿಸುತ್ತದೆ. ಜ್ವರ ದೊಡ್ಡದಾಗಿತ್ತೆ? ಆ ಮನೆಯನ್ನು ಕೆಡಹಿದ್ದು ಜ್ವರವೆ, ಬರಿದಾದ ಅಟ್ಟವೆ?

ರಾಸಾಯನಿಕಗಳ ನಡುವೆ ಬದುಕುವ ಮರುವಾಯಿಯ ಕಥೆ ಇದಕ್ಕಿಂತ ಬೇರೆಯಲ್ಲ. ಕೀಟನಾಶಕ ಬಂತು, ಅದನ್ನು ಸಾಗಹಾಕಲು ಗ್ಲುಟಥಯೋನ್ ಖರ್ಚಾಯಿತು. ತಾಮ್ರ ಬಂತು, ಅದು ಹೊತ್ತಿಸಿದ ಬೆಂಕಿಗೂ ಖರ್ಚಾಯಿತು. ಕಣಜ ಬರಿದಾದ ಜೀವಿಯ ಮೇಲೆ ಆಮೇಲೆ ಬೀಳುವ ವಿಷ ಗಟ್ಟಿ ಜೀವಿಯೊಂದು ಸಲೀಸಾಗಿ ದಾಟಿಹೋಗುವ ಪ್ರಮಾಣವೇ ಆಗಿದ್ದರೂ ಅದಕ್ಕೆ ಪ್ರಾಣಾಂತಿಕವಾಗಬಹುದು. ಪ್ರಯೋಗಶಾಲೆಗಳಲ್ಲಿ ಚಿಪ್ಪುಜೀವಿಗಳ ಗ್ಲುಟಥಯೋನನ್ನು ಬೇಕೆಂದೇ ತಗ್ಗಿಸಿ ಇದನ್ನು ಪರೀಕ್ಷಿಸುತ್ತಾರೆ. ಕಾವಲು ತಗ್ಗಿದ ಜೀವಿಯನ್ನು ಹೊರಗಿನಿಂದ ನೋಡಿ ಗುರುತಿಸಲು ಆಗುವುದಿಲ್ಲ. ಚಿಪ್ಪು ಅದೇ, ಬಣ್ಣ ಅದೇ, ಬಾಯಿ ತೆರೆಯುವುದು ಮುಚ್ಚುವುದು ಅದೇ. ವ್ಯತ್ಯಾಸ ತಿಳಿಯುವುದು ಎರಡನೆಯ ಏಟು ಬಿದ್ದಾಗ.

ನಮ್ಮ ತಪ್ಪು ಎಲ್ಲಿದೆ ಎಂಬುದು ನನಗೆ ಇಲ್ಲಿಯೇ ಕಾಣುತ್ತದೆ. ಸಾಯಲಿಲ್ಲ ಎಂದರೆ ಏನೂ ಆಗಲಿಲ್ಲ ಎಂದು ನಾವು ತಿಳಿಯುತ್ತೇವೆ. ರಾಸಾಯನಿಕವೊಂದು ಎಷ್ಟು ವಿಷಕಾರಿ ಎಂದು ಹೇಳಲು ಬಹುಕಾಲದಿಂದ ಬಳಸುತ್ತ ಬಂದ ಅಳತೆಯೊಂದಿದೆ: ತೊಟ್ಟಿಯಲ್ಲಿ ಬಿಟ್ಟ ಜೀವಿಗಳಲ್ಲಿ ಅರ್ಧದಷ್ಟು 96 ಗಂಟೆಗಳಲ್ಲಿ ಸಾಯುವ ಪ್ರಮಾಣ ಯಾವುದು ಎಂಬುದು. ಸತ್ತ ಅರ್ಧವನ್ನು ಎಣಿಸುತ್ತಾರೆ. ಬದುಕಿ ಉಳಿದ ಅರ್ಧದ ಅಟ್ಟದಲ್ಲಿ ಎಷ್ಟು ಮುಡಿ ಉಳಿಯಿತು ಎಂದು ಆ ಅಳತೆ ಕೇಳುವುದಿಲ್ಲ. ಅಲ್ಲದೆ ತೊಟ್ಟಿಗೆ ಹಾಕುವುದು ಆರೋಗ್ಯವಾದ ಜೀವಿಗಳನ್ನು, ಒಂದು ಸಲಕ್ಕೆ ಒಂದೇ ವಿಷವನ್ನು. ಅಳಿವೆಯಲ್ಲಿ ಯಾವ ವಿಷ ಒಂಟಿಯಾಗಿ ಬರುತ್ತದೆ? ಅಲ್ಲಿರುವ ಯಾವ ಜೀವಿ ಹಳೆಯ ಸಾಲವಿಲ್ಲದೆ ಹೊಸ ದಿನವನ್ನು ಕಾಣುತ್ತದೆ? ಪ್ರತಿಯೊಂದೂ ತನ್ನ ತನ್ನ ಮಿತಿಯೊಳಗೇ ಇದೆ ಎಂದು ಕಾಗದದಲ್ಲಿ ಬರೆಯಬಹುದು, ಬರೆದದ್ದು ನಿಜವೂ ಇರಬಹುದು. ಆದರೆ ಹತ್ತು ಮಿತಿಗಳು ಸೇರಿ ಒಂದೇ ಕಣಜದ ಮೇಲೆ ಕೈಹಾಕಿದರೆ?

2022ರ ಜೂನ್‌ನಲ್ಲಿ ಉಚ್ಚಿಲದ ಬಟ್ಟಪ್ಪಾಡಿ ಬಳಿ ಪ್ರಿನ್ಸೆಸ್ ಮಿರಾಲ್ ಎಂಬ ಹಡಗು ಮುಳುಗಿದಾಗ ನಾವೆಲ್ಲ ಕಡಲ ಕಡೆಗೇ ಕಣ್ಣು ನೆಟ್ಟಿದ್ದೆವು. ಅದರ ಹೊಟ್ಟೆಯಲ್ಲಿದ್ದ ಎಣ್ಣೆ ಸೋರಿದರೆ ಏನು ಗತಿ ಎಂದು ಕರಾವಳಿಯಿಡೀ ಕಳವಳಪಟ್ಟಿತು. ಆ ಕಳವಳ ಸರಿಯಾದದ್ದೇ. ಆದರೆ ಹಡಗು ಮುಳುಗದ ದಿನಗಳಲ್ಲಿ, ಏನೂ ನಡೆಯಲಿಲ್ಲವೆಂದು ನಾವು ಪೇಪರು ಮಡಚಿಟ್ಟ ದಿನಗಳಲ್ಲಿ, ಅಳಿವೆಯ ತಳದಲ್ಲಿ ಏನು ನಡೆಯುತ್ತಿತ್ತು?

ಬೆಂಗ್ರೆ ಕಡೆಯಿಂದ ಮರುವಾಯಿ ತಂದು ಮಾರುತ್ತಿದ್ದ ಒಬ್ಬ ಹೆಂಗಸು ನಮ್ಮ ಬೀದಿಗೆ ಬರುತ್ತಿದ್ದರು. ಇಳಿತದ ಹೊತ್ತಿಗೆ ಸೊಂಟದವರೆಗೆ ನೀರಿಗಿಳಿದು, ಕಾಲ ಬೆರಳಿನಿಂದ ಕೆಸರು ತಡವಿ ಮರುವಾಯಿ ಹೆಕ್ಕಿದ ಆಯುಷ್ಯ ಅವರದು. ಒಂದು ಸಲ ಬುಟ್ಟಿ ಇಳಿಸಿ, ಒಂದು ಮರುವಾಯಿಯನ್ನು ಅಂಗೈಯಲ್ಲಿ ತೂಗಿ, ಇನ್ನೊಂದಕ್ಕೆ ಮೆಲ್ಲಗೆ ಬಡಿದು, ಸದ್ದು ಕೇಳಿಸಿಕೊಂಡು, ಬದಿಗಿಟ್ಟರು. “ಇದು ನಿಮಗೆ ಬೇಡ ಮಾಸ್ಟ್ರೇ. ಪೊಳ್ಳು.” ಸತ್ತಿದೆಯಾ ಎಂದು ಕೇಳಿದೆ. “ಸಾಯ್ಲಿಲ್ಲ. ಜೀವ ಉಂಟು. ಒಳಗೆ ಏನಿಲ್ಲ, ಚಿಪ್ಪಿನ ಭಾರ ಮಾತ್ರ” ಎಂದರು. ಮೊಟ್ಟೆ ಬಿಟ್ಟ ಮೇಲೆ ಮರುವಾಯಿ ಸೊರಗುವುದು ಸಹಜ, ಅದು ಅವರಿಗೂ ಗೊತ್ತಿತ್ತು. “ಮೊದ್ಲು ಸೊರಗಿದ್ದು ಒಂದು ತಿಂಗಳಲ್ಲಿ ಪುನಃ ತುಂಬ್ತಿತ್ತು. ಈಗ ತುಂಬುದಿಲ್ಲ” ಎಂಬುದು ಅವರ ಮಾತು. ಚಿಪ್ಪಿನ ತೂಕಕ್ಕೆ ಹೋಲಿಸಿ ಒಳಗಿನ ಮಾಂಸ ಎಷ್ಟಿದೆ ಎಂದು ನೋಡುವ ಒಂದು ಲೆಕ್ಕ ವಿಜ್ಞಾನದಲ್ಲಿದೆ. ಆ ಹೆಂಗಸು ಆ ಲೆಕ್ಕವನ್ನು ಅಂಗೈಯಲ್ಲಿಯೇ ಮಾಡುತ್ತಿದ್ದರು. ಅವರ ಅಳಿವೆಯಲ್ಲಿ ಕಾರಣ ಯಾವುದು ಎಂದು ನಾನು ಬೆರಳು ತೋರಿಸಿ ಹೇಳಲಾರೆ. ಆದರೆ ತುಂಬಿಕೊಳ್ಳಲಾಗದೆ ಉಳಿಯುವುದು ಎಂಬ ಆ ಮಾತು ನನ್ನಲ್ಲಿ ನಿಂತುಬಿಟ್ಟಿದೆ.

ಇಂಥದೇ ಮಾತು ಫ್ರಾನ್ಸಿನ ಆರ್ಕಶೋನ್ ಕೊಲ್ಲಿಯ ಸಿಂಪಿ ಬೆಳೆಗಾರರ ಬಾಯಲ್ಲಿಯೂ ಬಂದಿದ್ದೀತು. 1970ರ ದಶಕದ ಕೊನೆಗೆ ಅಲ್ಲಿನ ಸಿಂಪಿಗಳ ಚಿಪ್ಪು ವಿಕಾರವಾಗಿ ದಪ್ಪಗಾಗತೊಡಗಿತು, ಒಳಗಿನ ಮಾಂಸ ಕುಗ್ಗಿತು, ಮರಿಗಳು ಉಳಿಯದಾದವು. ಕಾರಣ ಹುಡುಕಿದರೆ ಸಿಕ್ಕಿದ್ದು ದೋಣಿಗಳ ತಳಕ್ಕೆ ಬಳಿಯುವ ಬಣ್ಣ. ಪಾಚಿ, ಚಿಪ್ಪುಹುಳ ಹತ್ತದಿರಲೆಂದು ಅದರಲ್ಲಿ ಟ್ರೈಬ್ಯುಟೈಲ್ ಟಿನ್ ಎಂಬ ವಸ್ತುವನ್ನು ಸೇರಿಸುತ್ತಿದ್ದರು. 1982ರಲ್ಲಿ ಫ್ರಾನ್ಸ್ ಸಣ್ಣ ದೋಣಿಗಳಿಗೆ ಅದನ್ನು ಬಳಸದಂತೆ ತಡೆದ ಮೇಲೆ ಕೊಲ್ಲಿ ಚೇತರಿಸಿಕೊಳ್ಳತೊಡಗಿತು. ಜಗತ್ತಿನ ಹಡಗುಗಳಿಗೆಲ್ಲ ಆ ನಿಷೇಧ ಜಾರಿಗೆ ಬರಲು 2008ರವರೆಗೆ ಕಾಯಬೇಕಾಯಿತು. ಒಂದು ಸಿಂಪಿಯ ನರಳಾಟ ಕಾನೂನಿನ ಕಿವಿಗೆ ಬೀಳಲು ಇಷ್ಟು ಕಾಲ ಬೇಕು. ಹೊರಗಿನ ಕವಚ ದಪ್ಪವಾಗುತ್ತಿದೆ, ಒಳಗಿನ ಜೀವ ಕುಗ್ಗುತ್ತಿದೆ. ಮನುಷ್ಯರಲ್ಲಿ ಇಂಥವರನ್ನು ನಾವು ಕಂಡಿಲ್ಲವೆ? ಬಹಳ ಸಹಿಸಿದವರ ಮುಖ ಗಡುಸಾಗುತ್ತದೆ, ಮಾತು ಕಡಿಮೆಯಾಗುತ್ತದೆ. ಗಟ್ಟಿ ಮನುಷ್ಯ ಎಂದು ಹೊಗಳಿ ಅವರ ಹೆಗಲಿಗೆ ಇನ್ನೊಂದು ಹೊರೆಯನ್ನು ಏರಿಸುತ್ತೇವೆ.

ಸಹಿಸಿಕೊಂಡವರೊಳಗೆ ಸೇರಿದ್ದು ಅಲ್ಲಿಗೇ ಮುಗಿಯುತ್ತದೆಯೆ ಎಂಬುದು ಇನ್ನೊಂದು ಪ್ರಶ್ನೆ. 1983ರಲ್ಲಿ ಇಲ್ಲಿಂದ ತುಸು ದಕ್ಷಿಣದ ಕುಂಬಳೆ ಅಳಿವೆಯ ಮರುವಾಯಿ ತಿಂದವರು ನಾಲಿಗೆ ತುಟಿ ಮರಗಟ್ಟಿ, ಕೈಕಾಲು ಸೋತು ಆಸ್ಪತ್ರೆ ಸೇರಿದ್ದರು. ಮೀನುಗಾರಿಕಾ ಕಾಲೇಜಿನ ಇಡ್ಯ ಕರುಣಾಸಾಗರ್ ಮತ್ತು ಇಂದ್ರಾಣಿ ಕರುಣಾಸಾಗರ್ ಅದನ್ನು ಅಧ್ಯಯನ ಮಾಡಿ, ಚಿಪ್ಪುಜೀವಿಗಳ ಮೂಲಕ ಬರುವ ಪಾರ್ಶ್ವವಾಯು ವಿಷ ಎಂದು ಗುರುತಿಸಿದರು. ಆ ವಿಷ ಕಾರ್ಖಾನೆಯದಲ್ಲ, ನೀರಿನ ಸೂಕ್ಷ್ಮ ಪಾಚಿಗಳದು. ಮರುವಾಯಿ ಅದನ್ನು ಸೋಸಿ ಮೈಯಲ್ಲಿ ಇಟ್ಟುಕೊಂಡು ತನ್ನಷ್ಟಕ್ಕೆ ಬದುಕಿರಬಲ್ಲದು. ಏಟು ಬೀಳುವುದು ಅದನ್ನು ಉಂಡವರಿಗೆ. ಹಾಗಾದರೆ ತಾಳಿದ ಜೀವಿಯಲ್ಲಿ ವಿಷ ಕರಗಿಹೋಯಿತು ಎಂದು ತಿಳಿಯುವಂತಿಲ್ಲ. ಅಲ್ಲಿ ಅದು ತಂಗಿತ್ತು ಅಷ್ಟೆ.

ಜಗತ್ತು ಇದನ್ನು ತನ್ನ ಅನುಕೂಲಕ್ಕೂ ಬಳಸಿಕೊಂಡಿದೆ. ಕಡಲು ಎಷ್ಟು ಕೆಟ್ಟಿದೆ ಎಂದು ತಿಳಿಯಲು ನೀರನ್ನಷ್ಟೇ ಪರೀಕ್ಷಿಸಿದರೆ ಸಾಲದು, ಪಚ್ಚಿಲೆಯ ಮಾಂಸವನ್ನು ಪರೀಕ್ಷಿಸಿ ಎಂದು ಎಡ್ವರ್ಡ್ ಗೋಲ್ಡ್‌ಬರ್ಗ್ ಎಂಬ ವಿಜ್ಞಾನಿ 1975ರಲ್ಲಿ ಸೂಚಿಸಿದರು. ಇಂದಿನ ನೀರು ನಾಳೆ ಹರಿದುಹೋಗುತ್ತದೆ, ಪಚ್ಚಿಲೆ ಅಲ್ಲೇ ಇದ್ದು ಎಲ್ಲವನ್ನೂ ಮೈಯಲ್ಲಿ ಬರೆದುಕೊಳ್ಳುತ್ತದೆ. ಒಳ್ಳೆಯ ಉಪಾಯ, ಹಲವು ದೇಶಗಳಿಗೆ ಉಪಕಾರವೂ ಆಗಿದೆ. ಆದರೂ ಒಂದು ಮೂಕ ಜೀವಿಯನ್ನು ನಮ್ಮ ಸಾಕ್ಷಿಯಾಗಿ ಮಾಡಿಕೊಂಡ ಮೇಲೆ ಆ ಸಾಕ್ಷಿ ಹೇಳಿದ್ದನ್ನು ಕೇಳುವ ಋಣ ನಮ್ಮ ಮೇಲೆ ಬೀಳುವುದಿಲ್ಲವೆ?

ನೀರಿನ ದಾರಿಯಲ್ಲಿ ಸ್ವಲ್ಪ ಹಿಂದಕ್ಕೆ ಹೋಗೋಣ. ನೇತ್ರಾವತಿಯ ಜಲಾನಯನದಲ್ಲಿ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಇವೆ. ಗಡಿಯಾಚೆ ಕಾಸರಗೋಡಿನಲ್ಲಿ ಎಣ್ಮಕಜೆ, ಪಡ್ರೆ ಇವೆ. ಈ ಊರುಗಳ ಗೇರು ಗುಡ್ಡಗಳ ಮೇಲೆ ಎರಡು ದಶಕಗಳ ಕಾಲ, 2000ದ ಹೊತ್ತಿನವರೆಗೆ, ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿಯಿತು. ಎಂಡೋಸಲ್ಫಾನ್ ಎಂದರೆ ಜೀವಿಗಳ ಗ್ಲುಟಥಯೋನ್ ಕಣಜವನ್ನು ಬರಿದುಮಾಡುವ, ಉಗ್ರ ಆಮ್ಲಜನಕವನ್ನು ಕೆರಳಿಸುವ ರಾಸಾಯನಿಕಗಳಲ್ಲಿ ಒಂದು. ಮೊದಲು ಕರುಗಳು ಕಾಲು ತಿರುಚಿ ಹುಟ್ಟಿದವು. ಪಡ್ರೆಯವರೇ ಆದ ಪತ್ರಕರ್ತ ಶ್ರೀಪಡ್ರೆ ಬಹಳ ಹಿಂದೆಯೇ ಅದನ್ನು ಬರೆದು ಎಚ್ಚರಿಸಿದರು. ಅಲ್ಲಿನ ವಾಣೀನಗರದ ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರ್ ತಮ್ಮ ಬಳಿಗೆ ಬರುತ್ತಿದ್ದ ರೋಗಿಗಳಲ್ಲಿ ಏನೋ ಸರಿಯಿಲ್ಲವೆಂದು ಕಂಡು ಕೇಳತೊಡಗಿದರು. ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರ ಮೇ 13ರಂದು. ಸಿಂಪಡಣೆಯ ಆ ವರ್ಷಗಳಲ್ಲಿ ಹೆಲಿಕಾಪ್ಟರ್ ಬಂದುಹೋದ ಪ್ರತಿ ಸಲವೂ ಊರು ಎಂದಿನಂತೆ ಎದ್ದು ಕೆಲಸಕ್ಕೆ ಹೋಗಿತ್ತಲ್ಲ? ಬಾವಿಯಿಂದ ನೀರು ಸೇದಿತ್ತಲ್ಲ? ಯಾರೂ ಅಂದೇ ಬಿದ್ದು ಸಾಯಲಿಲ್ಲ, ಆದುದರಿಂದ ಏನೂ ಆಗಿಲ್ಲ ಎಂಬ ಮಾತಿಗೆ ಬಲ ಬಂತು. ಆ ಊರುಗಳಲ್ಲಿ ಇಂದಿಗೂ ಬೆಳೆದ ಮಗನನ್ನು ಎತ್ತಿ ಸ್ನಾನ ಮಾಡಿಸುವ ತಾಯಂದಿರಿದ್ದಾರೆ. ಅವರ ಮುಂದೆ ನಿಂತು ತಾಳಿದವನು ಬಾಳಿಯಾನು ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಆ ಗಾದೆಯನ್ನು ತನ್ನ ಕಷ್ಟಕ್ಕೆ ತಾನೇ ಹೇಳಿಕೊಂಡರೆ ಅದು ಬಲ. ಏಟು ಕೊಡುವವನು ಏಟು ತಿನ್ನುವವನಿಗೆ ಹೇಳಿದರೆ ಏನಾಗುತ್ತದೆ?

ಮರುವಾಯಿಯ ಶಾಸ್ತ್ರದಲ್ಲಿ ಸಮಾಧಾನದ ಒಂದು ಸಂಗತಿಯೂ ಇದೆ. ಬರಿದಾದ ಕಣಜ ಮತ್ತೆ ತುಂಬುತ್ತದೆ. ವಿಷ ತಾಗಿದ ಚಿಪ್ಪುಜೀವಿಯನ್ನು ಶುದ್ಧ ನೀರಿಗೆ ಬಿಟ್ಟರೆ, ಹಾನಿ ಅತಿಯಾಗಿಲ್ಲದಿದ್ದರೆ, ದಿನಗಳು ವಾರಗಳು ಕಳೆದಂತೆ ಗ್ಲುಟಥಯೋನ್ ಮತ್ತೆ ಕೂಡಿಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ಔಷಧಿಯಲ್ಲ, ಬಿಡುವು. ಏಟಿಗೂ ಏಟಿಗೂ ನಡುವೆ ಸ್ವಲ್ಪ ಕಾಲ. ಕಡಲು ದಿನಕ್ಕೆ ಎರಡು ಸಲ ಭರತ ಇಳಿತಗಳಲ್ಲಿ ಇಂಥ ಬಿಡುವನ್ನು ಕೊಡುತ್ತಲೇ ಇರುತ್ತದೆ. ಮಳೆಗಾಲ ಅಳಿವೆಯನ್ನು ತೊಳೆದು ಇನ್ನೊಂದು ಬಗೆಯ ಬಿಡುವು ಕೊಡುತ್ತದೆ. ಆ ಲಯಕ್ಕೆ ಹೊಂದಿಕೊಂಡೇ ಮರುವಾಯಿಯ ಮೈ ರೂಪುಗೊಂಡದ್ದು. ಚರಂಡಿಗೆ ಬಿಡುವಿಲ್ಲ. ಕೊಳವೆಗೆ ಭರತವೂ ಇಲ್ಲ, ಇಳಿತವೂ ಇಲ್ಲ.

ಬಿಡುವಿನ ಬೆಲೆ ಈ ನೆಲಕ್ಕೆ ತಿಳಿಯದ್ದೇನಲ್ಲ. ಫೆಬ್ರವರಿಯಲ್ಲಿ ಬರುವ ಕೆಡ್ಡಸದ ಮೂರು ದಿನ ನಮ್ಮ ಹಿರಿಯರು ಭೂಮಿಗೆ ಹಾರೆ ಹಾಕುತ್ತಿರಲಿಲ್ಲ, ನೇಗಿಲು ಇಳಿಸುತ್ತಿರಲಿಲ್ಲ, ಹಸಿ ಗಿಡ ಕಡಿಯುತ್ತಿರಲಿಲ್ಲ. ಭೂಮಿತಾಯಿ ಮುಟ್ಟಾಗಿ ವಿಶ್ರಮಿಸುತ್ತಾಳೆ ಎಂಬ ನಂಬಿಕೆ. ಅದನ್ನು ಬರೀ ನಂಬಿಕೆ ಎಂದು ಬದಿಗೆ ಸರಿಸುವವರಿದ್ದಾರೆ. ನನಗೆ ಅದು ತಾಯಿಯ ಮೈಯಲ್ಲಿಯೂ ಒಂದು ಕಣಜವಿದೆ, ಅದು ತುಂಬಲು ಕಾಲ ಬೇಕು ಎಂಬ ತಿಳಿವಳಿಕೆಯಾಗಿ ಕಾಣುತ್ತದೆ. ಈ ಕಾಲದಲ್ಲಿಯೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ದಕ್ಕೆಯಲ್ಲಿ ನಿಲ್ಲುತ್ತವೆ. ಮೀನಿಗೆ ಮರಿಮಾಡಲು ಬಿಡುವು ಬೇಕೆಂದು ಒಪ್ಪಿಕೊಂಡಿದ್ದೇವೆ. ಹಿಡಿಯುವುದನ್ನು ನಿಲ್ಲಿಸಲು ನಮಗೆ ಕಾಲ ಗೊತ್ತಾಗಿದೆ. ಸುರಿಯುವುದನ್ನು ನಿಲ್ಲಿಸಲು ಪಂಚಾಂಗದಲ್ಲಿ ಒಂದು ದಿನವೂ ಇನ್ನೂ ಗೊತ್ತಾಗಿಲ್ಲ. ಅಳಿವೆಗೆ ಒಂದು ಕೆಡ್ಡಸ ಬೇಡವೆ? ಒಂದು ಹೊಳೆಯ ಬದಿಯಲ್ಲಿ ಏನು ಕಟ್ಟಬಹುದು ಎಂದು ಕೇಳುವ ಮೊದಲು, ಅದರ ತಳದ ಜೀವಿಗಳು ಈಗಾಗಲೇ ಎಷ್ಟು ಹೊತ್ತಿವೆ ಎಂದು ನಾವು ಕೇಳಬಾರದೆ?

ಕಳೆದ ಚಳಿಗಾಲದಲ್ಲಿ ಮನೆಗೆ ಮರುವಾಯಿ ತಂದಿದ್ದರು. ಸೊಸೆ ಅಮ್ಮನ ಹಾಗೆಯೇ ಕಲ್ಲುಪ್ಪಿನ ನೀರಿನಲ್ಲಿ ಹಾಕಿಟ್ಟಿದ್ದಳು. ಬೆಳಿಗ್ಗೆ ಪುಂಡಿ ಮಾಡುವುದೆಂದು ಅಕ್ಕಿಯೂ ನೆನೆದಿತ್ತು. ನಿದ್ದೆ ಬಾರದೆ ಎದ್ದು ನೀರು ಕುಡಿಯಲು ಹೋದಾಗ ಅದೇ ಹಳೆಯ ಟಿಕ್ ಎಂಬ ಸದ್ದು. ದೀಪ ಹಾಕಿ ತಟ್ಟೆ ಸರಿಸಿದೆ. ನಾಲ್ಕಾರು ಮರುವಾಯಿಗಳು ಬಾಯಿ ತೆರೆದಿದ್ದವು, ಅಂಚಿನಲ್ಲಿ ಕೆನೆಬಣ್ಣದ ಮೆತ್ತನೆಯ ನಳಿಗೆ ಇಣುಕುತ್ತಿತ್ತು. ಒಂದನ್ನು ಬೆರಳ ತುದಿಯಿಂದ ಮುಟ್ಟಿದೆ. ಫಕ್ಕನೆ ಮುಚ್ಚಿಕೊಂಡಿತು. ಇನ್ನೊಂದನ್ನು ಮುಟ್ಟಿದೆ, ಅದೂ ಮುಚ್ಚಿಕೊಂಡಿತು. ಮೂರನೆಯದು ಮುಟ್ಟಿದರೂ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಚಿಪ್ಪುಗಳು ಮೆಲ್ಲಮೆಲ್ಲನೆ ಹತ್ತಿರ ಬಂದವು, ಕೂದಲೆಳೆಯಷ್ಟು ಸಂದು ಬಿಟ್ಟು ನಿಂತವು. ಅಷ್ಟಕ್ಕೇ ಅದರ ಬಲ ಮುಗಿದಿತ್ತು. ಮತ್ತೊಮ್ಮೆ ಮುಟ್ಟಿ ನೋಡಲು ಕೈ ಚಾಚಿದವನು ಹಿಂದಕ್ಕೆ ಎಳೆದುಕೊಂಡೆ. ತಟ್ಟೆ ಮುಚ್ಚಿ, ದೀಪ ಆರಿಸಿ, ಕತ್ತಲಲ್ಲಿ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.